ಕುಡಿಯುವ ನೀರಿನ ಸ್ನಾನ

ಬೆಳಿಗ್ಗೆ ಎಂಟು ಗಂಟೆಗೆ ನಾನು ಕ್ಯಾರವಾನಿನ ಹಿಂದೆ, ಅಂಕಲ್ ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಆಸ್ಟ್ರೇಲಿಯಾದ ಒಳನಾಡಿನ ಗಣಿ ರಸ್ತೆಯಲ್ಲಿ ಹಿಂದಿನ ಸಂಜೆ ನಮ್ಮ ಗಾಡಿ ಕೆಟ್ಟಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಅಂಕಲ್, ಆಂಟಿ, ನಾನು, ನನ್ನ ಹೆಂಡತಿ ಸುಮಾ, ಹೀಗೆ ನಾವು ನಾಲ್ವರು; ಉಳಿದಿದ್ದು ಒಂದೇ ಕ್ಯಾನ್ ನೀರು.

ಅಮೆರಿಕದ ಮಾರಿಸ್‌ಟೌನಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಸ್ನೋ ಬಿದ್ದಾಗ ನಮ್ಮ ಡ್ರೈವ್‌ವೇಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ನಾನು ಸಲಿಕೆ ಹಿಡಿಯುವ ಬಗೆಯನ್ನು ತಿದ್ದುತ್ತಿದ್ದರು. "ಎಲ್ಲಾ ಪ್ಲ್ಯಾನ್ ಮಾಡಿದೀನಪ್ಪ" ಎನ್ನುವುದು ಅವರ ಮಾತು. ಈ ಪ್ರವಾಸವೂ ಅವರದೇ ಪ್ಲ್ಯಾನ್.

ಆ ಬೆಳಿಗ್ಗೆ ಅಂಕಲ್ ಟವೆಲ್ ಸುತ್ತಿಕೊಂಡು ಕ್ಯಾನ್ ಎತ್ತಿದರು.

"ಅಂಕಲ್, ಅದು ಕುಡಿಯೋ ನೀರು," ಎಂದೆ.

"ಸ್ನಾನ ಆಗ್ದೆ ದೇವ್ರಿಗೆ ಕೈ ಮುಗಿಯೋಕಾಗುತ್ತೇನಯ್ಯ? ಲಾರಿ ಬರುತ್ತೆ. ಎಲ್ಲಾ ಪ್ಲ್ಯಾನ್ ಮಾಡಿದೀನಪ್ಪ."

"ರೀ, ಒಂದು ಲೋಟನಾದ್ರೂ ಬಿಡ್ರೀ," ಎಂದರು ಆಂಟಿ.

ಅವರು ಕ್ಯಾನನ್ನು ತಲೆಯ ಮೇಲೆ ಬಗ್ಗಿಸಿಕೊಂಡರು. ನಾನು ತಡೆಯಲಿಲ್ಲ. ಕೆಂಪು ಮಣ್ಣು ನೀರನ್ನು ಕ್ಷಣದಲ್ಲಿ ಹೀರಿತು.

ಮಧ್ಯಾಹ್ನ ಆಂಟಿ ಎಚ್ಚರ ತಪ್ಪಿ ಬಿದ್ದರು. ಸಂಜೆ ಅದಿರಿನ ಲಾರಿಯೊಂದು ಬಂತು. ಚಾಲಕ ಆಂಟಿಗೆಂದು ಚಾಚಿದ ಬಾಟಲಿಯನ್ನು ಅಂಕಲ್ ಇಸಿದುಕೊಂಡು, ಮೊದಲು ತಾವು ಬಾಯಿ ಮುಕ್ಕಳಿಸಿದರು.

ಮನೆಗೆ ಮರಳಿದ ಮೇಲೆ, ಪ್ರತಿ ಮನೆಯವರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟವೊಂದರಲ್ಲಿ ಅವರು ಹೇಳುತ್ತಿದ್ದರು: "ಇದ್ದ ನೀರನ್ನೆಲ್ಲ ಇವಳಿಗೇ ಕುಡಿಸ್ದೆ. ಇಲ್ದಿದ್ರೆ ಉಳೀತಿದ್ಲಾ?" ಎಲ್ಲರೂ ತಲೆದೂಗಿದರು.

ನಾನು ನೋಡಿದ್ದನ್ನು ಸುಮಾ ನೋಡಿದ್ದಾಳೆ. ಆಂಟಿಯೂ ನೋಡಿದ್ದಾರೆ. ಸಾಕ್ಷಿ ಹೇಳಲು ಇಬ್ಬರೂ ಬದುಕಿದ್ದಾರೆ. ಅಂಕಲ್ ಹಾಗೆ ಹೇಳುತ್ತಿದ್ದಾಗ ಆಂಟಿ ಅಲ್ಲೇ ನಿಂತು, ಗಂಡನ ತಟ್ಟೆಗೆ ಪುಳಿಯೋಗರೆ ಬಡಿಸುತ್ತಿದ್ದರು.