ಇದಿಲ್ದೆ ಆಟ ನಡಿಯಲ್ವಾ?

"ಆಟ ಮಾಡಿ ಸಂಬಳ ತಗೊಳ್ಳೋದಾ? ಆಗೋ ಮಾತಲ್ಲ ಕಣೋ" ಎಂದು ನಕ್ಕಿದ್ದು ಸರ್ಜಾಪುರದ ನನ್ನ ಸೋದರಮಾವ. ಮನೆತನದಲ್ಲೇ ಮೊದಲ ಪದವೀಧರ ನಾನು. ಹಟ ಹಿಡಿದು ಸಿಂಗಸಂದ್ರದ ವಿಡಿಯೊ ಗೇಮ್ ಕಂಪನಿ ಸೇರಿದೆ.

ಖರ್ಚು ಏರಿದಾಗಲೆಲ್ಲ ಕಂಪನಿ ನಡೆಸುತ್ತಿದ್ದ ನಮ್ಮ ಮೇಡಂ ಕನ್ನಡಕ ಹಣೆಗೇರಿಸಿ, "ಇದಿಲ್ದೆ ಆಟ ನಡಿಯಲ್ವಾ?" ಅನ್ನುತ್ತಿದ್ದರು. ಆಟದಿಂದ ಮಳೆ ಹೋಯಿತು, ಕುದುರೆಗಳು ಹೋದವು, ನಾನು ವರ್ಷವಿಡೀ ಬಿಡಿಸಿದ ಕೋಟೆಯೂ ಹೋಯಿತು.

ಆದರೂ ಬಂಡವಾಳ ಹಾಕಿದವರು, ಇನ್ನೂ ಖರ್ಚು ಇಳಿಸಿ, ಇಲ್ಲವೇ ಬಾಗಿಲು ಹಾಕಿ ಎಂದರು. ಯಾರ ಕೆಲಸ ಹೋಗುತ್ತದೋ ಎಂದು ಕಾದು ಕೂತೆವು. ಮೇಡಂ ಕನ್ನಡಕ ಹಣೆಗೇರಿಸಿದರು.

"ನಾನಿಲ್ದೆ ಆಟ ನಡಿಯಲ್ವಾ?"

ತಮ್ಮ ಕೆಲಸ ಬಿಟ್ಟು ನಮ್ಮೆಲ್ಲರ ಕೆಲಸ ಉಳಿಸಿದರು.

ತಾವು ಹೊರಡುವ ದಿನ, ಮುಂದೆ ಬೇಕಾದೀತೆಂದು ನಮಗೆಲ್ಲ ಅನುಭವ ಪತ್ರ ಸಹಿ ಮಾಡಿ ಕೊಟ್ಟರು. ನನ್ನದನ್ನು ಮಾವನ ಕೈಗಿಟ್ಟು ನಡೆದದ್ದನ್ನು ಹೇಳಿದೆ. ಅವರು ಸಹಿಯ ಮೇಲೆ ಬೆರಳಾಡಿಸಿದರು.

"ಆಯಮ್ಮಂಗೆ ಇಂಥ ಪತ್ರ ಯಾರು ಕೊಟ್ರೋ?"