ಬಿಸಿಲಿಗಿಟ್ಟ ಸೆಲ್ಲುಗಳು

ಅಕ್ಕನಿಗೆ ಒಂದು ಮ್ಯೂಸಿಕ್ ಪ್ಲೇಯರ್ ಕೊಡಿಸುತ್ತೇನೆ ಎಂದಾಗ ಮನೆಯವರೆಲ್ಲ ನಕ್ಕರು. ನನಗೆ ಅರವತ್ತೆಂಟು, ಅವಳಿಗೆ ಎಪ್ಪತ್ತಮೂರು. ನಮ್ಮ ವಯಸ್ಸಿನ ಅಕ್ಕತಂಗಿಯರು ಒಬ್ಬರಿಗೊಬ್ಬರು ಶಾಲು ಕೊಡುತ್ತಾರೆ, ಮಂಡಿನೋವಿನ ಎಣ್ಣೆ ಕೊಡುತ್ತಾರೆ. ಫೋನಿನಲ್ಲೇ ಪ್ರಪಂಚದ ಹಾಡೆಲ್ಲ ಬರುವಾಗ ಹಾಡಿಗೆಂದೇ ಬೇರೆ ಡಬ್ಬಿ ಏತಕ್ಕೆ ಎಂದು ಅವರು ಕೇಳಿದ್ದು ನ್ಯಾಯವೇ.

ಎರಡು ವರ್ಷದ ಹಿಂದೆ ಅಕ್ಕನಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಕಾಲು ಕೋಲಿನ ಆಸರೆಯಲ್ಲಿ ನಡೆಯುತ್ತದೆ, ಬಲಗೈ ಮಾತ್ರ ವಾಪಸ್ಸು ಬರಲಿಲ್ಲ. ಬೆಳಗಿನ ಪೂಜೆಗೆ ಅಡ್ಡಿಯಿಲ್ಲ. ಲಿಂಗ ಹೇಗೂ ಎಡ ಅಂಗೈ ಮೇಲೆ ಇರುವುದು, ವಿಭೂತಿ ಪತ್ರೆಗಳನ್ನು ಸೊಸೆ ಏರಿಸುತ್ತಾಳೆ. ವೀಣೆಗೆ ಹಾಗೆ ಇನ್ನೊಬ್ಬರ ಕೈ ಸೇರಿಸಲಾಗುವುದಿಲ್ಲ. ಎಡಗೈ ಮೆಟ್ಟುಗಳ ಮೇಲೆ ಓಡಾಡಬಹುದು, ತಂತಿ ಮೀಟುವವರು ಯಾರು? ಟಿ. ನರಸೀಪುರದ ಅವಳ ಮನೆಯಲ್ಲಿ ವೀಣೆ ಈಗ ಹಳೇ ರೇಷ್ಮೆ ಸೀರೆಯ ಮುಸುಕು ಹೊದ್ದು ಮೂಲೆಯಲ್ಲಿ ಮಲಗಿದೆ.

ಅವಳಿಗೆ ಉಳಿದದ್ದು ಕೇಳುವುದೊಂದೇ. ಫೋನಿನಲ್ಲಿ ಕೇಳಿ ನೋಡಿದಳು. ಆಲಾಪನೆ ಮೇಲೇರುತ್ತಿರುವಾಗ ಬ್ಯಾಂಕಿನ ಮೆಸೇಜು ಟಿಣ್ ಎನ್ನುತ್ತದೆ, ಇಲ್ಲವೇ ಸೈಟು ಮಾರುವವನೊಬ್ಬ ಕಾಲ್ ಮಾಡುತ್ತಾನೆ. ಗಾಜಿನ ಮೇಲೆ ಅವಳ ಎಡಗೈ ಬೆರಳು ಜಾರಿ ಇನ್ನೇನೋ ತೆರೆದುಕೊಳ್ಳುತ್ತದೆ. ಹಿತವಾಗಿ ಎಣ್ಣೆನೀರು ಹಾಕಿಸಿಕೊಳ್ಳುತ್ತಿರುವಾಗ ಯಾರೋ ಬಂದು ಎಬ್ಬಿಸಿ ಕಳಿಸಿದಂತಾಗುತ್ತದೆ ಎಂದು ಹೇಳಿದಳು. ನನಗೆ ಅವಳ ಕಷ್ಟ ಅರ್ಥವಾಯಿತು. ಮೈಸೂರಿನ ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ನಾನಿದ್ದಾಗ ಶನಿವಾರ ಸಂಜೆ ಸಿಸ್ಟರೊಬ್ಬರು ಗ್ರಾಮಫೋನ್ ಇಡುತ್ತಿದ್ದರು. ಬೆನ್ನು ನೇರ, ಕೈ ಮಡಿಲಲ್ಲಿ, ಪ್ಲೇಟು ಮುಗಿಯುವವರೆಗೆ ಒಂದು ಮಾತಿಲ್ಲ. ಲಿಸನಿಂಗ್ ಈಸ್ ಆಲ್ಸೋ ಗುಡ್ ಮ್ಯಾನರ್ಸ್ ಎನ್ನುತ್ತಿದ್ದರು ಆಕೆ. ಆ ಗ್ರಾಮಫೋನಿನಿಂದ ಯಾರೂ ಸೈಟು ಮಾರುತ್ತಿರಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ನಾನು ಅವಳ ಮನೆಯಲ್ಲಿದ್ದೆ. ಅಕ್ಕ ಮುಸುಕು ಹಾಕಿದ ವೀಣೆಯ ಕಡೆಗೇ ನೋಡುತ್ತಿದ್ದವಳು ಕೇಳಿದಳು, "ಆ ಕ್ಯಾಸೆಟ್ ಇನ್ನೂ ಇದೆಯೇನೇ ನಿನ್ನ ಹತ್ರ?"

ಯಾವುದು ಎಂದು ನಾನು ಕೇಳಬೇಕಾಗಿರಲಿಲ್ಲ. ಅವಳ ನುಡಿಕೆಯನ್ನು ಹಿಡಿದಿಟ್ಟ ಕ್ಯಾಸೆಟ್ ಇರುವುದು ಒಂದೇ.

ಅದು ಅವಳ ಮದುವೆಯ ವಾರದ್ದು. ಗಂಡನ ಮನೆಯಲ್ಲಿ ವೀಣೆ ಮುಟ್ಟಲು ಬಿಡುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ನಾನು ಹಾಸ್ಟೆಲ್ಲಿನಿಂದ ರಜಕ್ಕೆ ನಂಜನಗೂಡಿಗೆ ಬಂದಿದ್ದೆ. ಸೋದರಮಾವ ಬೊಂಬಾಯಿಂದ ತಂದುಕೊಟ್ಟ ಟೇಪ್‌ರೆಕಾರ್ಡರ್ ಮನೆಯಲ್ಲಿತ್ತು. ನಡುಮನೆಯಲ್ಲಿ ಅಕ್ಕಿ ಮೂಟೆಗಳಿಗೆ ಒರಗಿ ಕೂತು ಅಕ್ಕ ಮೋಹನ ನುಡಿಸಿದಳು, ನಾನು ರೆಕಾರ್ಡ್ ಮಾಡಿದೆ. ಕರೆಂಟು ಹೋಗಿತ್ತು, ಸೆಲ್ಲು ಹಾಕಿದ್ದೆ. ಇಪ್ಪತ್ತು ನಿಮಿಷ ನುಡಿಸಿ ಅವಳು ಕಣ್ಣು ತೆರೆದಾಗ ಬಾಗಿಲಲ್ಲಿ ಅಪ್ಪ ನಿಂತಿದ್ದರು. ವ್ಯಾಪಾರದ ಮಾತು ಬಿಟ್ಟು ಬೇರೆ ಮಾತೇ ಬಾರದ ಮನುಷ್ಯ. ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಟೇಪು ಹಿಂದಕ್ಕೆ ಸುತ್ತಿ ಶುರುವಿನದಷ್ಟನ್ನು ಎಲ್ಲರೂ ಕೂತು ಕೇಳಿದೆವು, ಅಷ್ಟರಲ್ಲಿ ಸೆಲ್ಲು ಮುಗಿಯಿತು.

ಗಂಡನ ಮನೆಯವರು ಒಳ್ಳೆಯವರೇ, ವೀಣೆಗೆ ಬೇಡವೆನ್ನಲಿಲ್ಲ. ನಾಲ್ಕಾರು ಮಕ್ಕಳಿಗೆ ಪಾಠವನ್ನೂ ಹೇಳಿದಳು. ಆದರೂ ಅದೆಲ್ಲ ಕೆಲಸದ ನಡುವೆ ಸಿಕ್ಕ ಪುರುಸೊತ್ತಿನ ನುಡಿಕೆ. ನಾನು ನಿಜವಾಗಿ ನುಡಿಸಿದ್ದು ಅಪ್ಪನ ಮನೆಯಲ್ಲಿ ಎಂದು ಅಕ್ಕ ಯಾವಾಗಲೂ ಹೇಳುತ್ತಿದ್ದಳು. ಬಲಗೈ ಹೋದ ಮೇಲೆ ಆ ಮಾತನ್ನು ಇನ್ನೂ ಹೆಚ್ಚು ಹೇಳುತ್ತಿದ್ದಳು.

ಆ ಕ್ಯಾಸೆಟ್ಟನ್ನು ಮತ್ತೊಮ್ಮೆ ಹಾಕಿ ಕೇಳುವ ಮೊದಲೇ ಟೇಪ್‌ರೆಕಾರ್ಡರ್ ಹಾಳಾಗಿ ಹೋಗಿತ್ತು. ಕ್ಯಾಸೆಟ್ಟನ್ನು ನಾನು ಬೀರುವಿನಲ್ಲಿ ನನ್ನ ಧಾರೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೆ. ಅದನ್ನು ಮೈಸೂರಿನ ಒಂದು ಸ್ಟುಡಿಯೋಕ್ಕೆ ಕೊಟ್ಟು ಡಿಜಿಟಲ್ ಮಾಡಿಸಿದೆ. ಬೆಸ್ಟ್ ಕ್ವಾಲಿಟಿ ಮೇಡಂ, ಟ್ವೆಂಟಿಫೋರ್ ಬಿಟ್ ಎಂದರು. ಅಲ್ಲೇ ಕೂರಿಸಿ ಕೇಳಿಸಿದರು. ಗುರುಗುರು ಸದ್ದೆಲ್ಲ ಹೋಗಿ ವೀಣೆ ಗಾಜಿನಂತೆ ಸ್ವಚ್ಛವಾಗಿತ್ತು. ಎಷ್ಟು ಚುರುಕು, ಎಷ್ಟು ಬ್ರಿಲಿಯಂಟ್ ಎಂದುಕೊಂಡೆ. ಇಪ್ಪತ್ತಮೂರರ ಹುಡುಗಿಯ ಕೈಯಲ್ಲವೇ. ನನ್ನ ಕಣ್ಣು ಒದ್ದೆಯಾಗಿತ್ತು, ಕಿವಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಅಂಥದ್ದನ್ನು ಕೇಳಿಸಲು ಅಂಥದ್ದೇ ಪ್ಲೇಯರ್ ಬೇಕೆನಿಸಿತು. ನಂಜನಗೂಡಿನಲ್ಲಿ ನಮ್ಮ ಬೀದಿಯ ತುದಿಗೆ ಒಂದು ಮೊಬೈಲ್ ಅಂಗಡಿಯಿದೆ. ಅಂಗಡಿಯವರಿಗೆ ಐವತ್ತೈದರ ಮೇಲೆ. ಹಿಂದೆ ಅಲ್ಲೇ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು, ಈಗ ಫೋನಿನ ಕವರು ಮಾರುತ್ತಾರೆ. ಹಳೇ ಕೆಲಸದ ಸೋಲ್ಡರಿಂಗ್ ಕಡ್ಡಿ ಇನ್ನೂ ಕೌಂಟರಿನ ಮೇಲೇ ಇದೆ. ನಾನು ನೀಟಾಗಿ ಮಾರ್ಜಿನ್ ಎಳೆದು ಒಂದು ಲಿಸ್ಟು ಬರೆದುಕೊಂಡು ಹೋಗಿದ್ದೆ. ಒತ್ತಿದರೆ ಗೊತ್ತಾಗುವ ನಿಜವಾದ ಬಟನ್ ಬೇಕು. ಎಡಗೈಯೊಂದರಲ್ಲೇ ನಡೆಯಬೇಕು. ಕಾಲ್, ಮೆಸೇಜು ಏನೂ ಬರಕೂಡದು. ಸೌಂಡು ಫಸ್ಟ್ ಕ್ಲಾಸ್ ಇರಬೇಕು.

ಅವರು ಮೈಸೂರಿನಿಂದ ಎರಡು ತರಿಸಿದರು. ಒಂದು ದಪ್ಪಗೆ, ಕಪ್ಪಗೆ, ಬದಿಯಲ್ಲಿ ಬೆರಳಿನಿಂದ ಉರುಳಿಸುವ ಚಕ್ರ, ಎದುರಿಗೆ ಪುಟ್ಟ ಸ್ಪೀಕರು. ಡಾನ್ಸ್ ಕ್ಲಾಸಿನವರು ಪ್ರಾಕ್ಟೀಸಿಗೆ ತೊಗೊಳ್ಳೋದು ಎಂದರು. ಇನ್ನೊಂದು ಬೆಳ್ಳಿಬಣ್ಣದ್ದು, ಕೈಗೆ ತಂಪಗೆ, ಮೂರೇ ಬಟನ್ನು. ಅದರ ಡಬ್ಬಿಯ ಮೇಲೆ ಬಿಟ್ಟು, ಕಿಲೋಹರ್ಟ್ಸು ಎಂದು ದೊಡ್ಡ ದೊಡ್ಡ ನಂಬರು. ನಂಬರು ಕಂಡರೆ ನನಗೆ ಇವತ್ತಿಗೂ ಮಾರ್ಕ್ಸ್ ಕಾರ್ಡ್ ಕಂಡ ಹಾಗೆ. ಫ್ರ್ಯಾಂಕ್ಲಿ, ಇನ್ನೊಂದರ ಕಡೆ ನಾನು ತಿರುಗಿಯೂ ನೋಡಲಿಲ್ಲ.

"ತಗೊಂಡೋಗಿ ಅಕ್ಕಾವ್ರಿಗೆ ಕೇಳ್ಸಿ, ಅವ್ರು ಊಂ ಅಂದ್ಮೇಲೆ ಮಿಕ್ಕಿದ್ ಮಾತಾಡಮ," ಎಂದು ಅಕ್ಕನ ನುಡಿಕೆಯನ್ನು ತುಂಬಿ ಬೆಳ್ಳಿಯದನ್ನು ಕೊಟ್ಟು ಕಳಿಸಿದರು. ಸೀರೆಯನ್ನು ಮನೆಗೆ ಕೊಟ್ಟು ಕಳಿಸಿ ಆಮೇಲೆ ಲೆಕ್ಕ ಮಾಡುವ ನಮ್ಮೂರಿನ ಪದ್ಧತಿ ಪ್ಲೇಯರಿಗೂ ನಡೆಯಿತು.

ಬಸ್ಸಿನಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ನಮ್ಮೂರಿನ ಕಪಿಲೆ ಅಕ್ಕನ ಊರಿಗೆ ಹೋಗಿಯೇ ಕಾವೇರಿಯನ್ನು ಸೇರುವುದು. ಸಣ್ಣವಳಿದ್ದಾಗ ಅಕ್ಕನ ಮೇಲೆ ಸಿಟ್ಟು ಬಂದರೆ ಹೊಳೆಗೆ ಕಾಗದದ ದೋಣಿ ಬಿಟ್ಟು, ಬೈಗುಳ ಬರೆದು ಕಳಿಸಿದೀನಿ ನೋಡ್ತಿರು ಎನ್ನುತ್ತಿದ್ದೆ. ಆಗ ಇಬ್ಬರೂ ಒಂದೇ ಮನೆಯಲ್ಲಿದ್ದೆವು, ಅವಳು ಮುಂದೆ ಆ ಊರಿಗೇ ಹೋಗುತ್ತಾಳೆ ಎಂದು ಯಾರಿಗೆ ಗೊತ್ತಿತ್ತು.

ಸೊಸೆ ಅಕ್ಕನನ್ನು ಕಿಟಕಿಯ ಹತ್ತಿರ ಕೂರಿಸಿ ಹೆಡ್‌ಫೋನ್ ಹಾಕಿದಳು. ನಾನು ಬಟನ್ ಒತ್ತಿದೆ. ಸ್ವಲ್ಪ ಹೊತ್ತು ಅಕ್ಕನ ಎಡಗೈ ಬೆರಳುಗಳು ಸೆರಗಿನ ಮೇಲೆ ಮೆಟ್ಟು ಹುಡುಕಿದವು. ಆಮೇಲೆ ನಿಂತುಬಿಟ್ಟವು. ಅವಳು ಪೂರ್ತಿ ಕೇಳಿದಳು, ಮಧ್ಯದಲ್ಲಿ ಎದ್ದುಹೋಗುವ ಜನ ನಾವಲ್ಲ. ಮುಗಿದ ಮೇಲೆ ಹೆಡ್‌ಫೋನ್ ತಾನೇ ತೆಗೆದಳು.

"ಹಿಂಗಾ ನುಡಿಸ್ತಿದ್ದೆ ನಾನು?"

ಚೆನ್ನಾಗಿದೆಯಲ್ಲ ಅಕ್ಕ ಎಂದೆ.

"ಬಸ್ಸು ಹೊರಟೋಗುತ್ತೇನೋ ಅನ್ನೋ ಹಂಗೆ ಓಡ್ತಾ ಇದೀನಿ. ಒಂದು ಸ್ವರದ ಮೇಲಾದ್ರೂ ನಿಂತಿದೀನಾ ನೋಡು. ಹೋಗ್ತಾ ಹೋಗ್ತಾ ಶ್ರುತಿನೂ ಮೇಲಕ್ಕೆ ಹೋಗಿದೆ." ಹೆಡ್‌ಫೋನಿನ ವೈರನ್ನು ಒಂದೇ ಕೈಯಲ್ಲಿ ಸುತ್ತಲು ನೋಡಿದಳು, ಆಗಲಿಲ್ಲ, ಬಿಟ್ಟಳು. "ಐವತ್ತು ವರ್ಷದಿಂದ ಏನೋ ಅಂದ್ಕೊಂಡಿದ್ದೆ ಕಣೇ. ಅಪ್ಪಂಗೂ ಪಾಪ ಸಂಗೀತ ಏನು ಗೊತ್ತಿತ್ತು. ಮಗಳು ಹೊರಟುಹೋಗ್ತಾಳೆ ಅಂತ ಪೇಟ ತೆಗೆದಿರಬೇಕು. ಹೋಗ್ಲಿ ಬಿಡು, ಇವತ್ತಾದ್ರೂ ಗೊತ್ತಾಯ್ತು."

ಅವಳು ಅತ್ತಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಅವಳು ಸೊಸೆಯನ್ನು ಕರೆದು ನನಗೆ ಕಾಫಿ ಮಾಡಲು ಹೇಳಿದಳು, ಹೊರಡುವಾಗ ಕುಂಕುಮ ಕೊಟ್ಟಳು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದ ಸೊಸೆ, ಆ ವೀಣೆಯನ್ನು ಯಾರಾದರೂ ಕಲಿಯುವ ಮಕ್ಕಳಿಗೆ ಕೊಟ್ಟುಬಿಡಬೇಕಂತೆ, ಅತ್ತೆ ಈಗ ಹೇಳಿದರು, ಯಾಕೆ ಎಂದು ನೀವೇ ಕೇಳಿ ಚಿಕ್ಕತ್ತೆ ಎಂದಳು. ಕಾರಣ ನಾನೇ. ಅಕ್ಕನ ಕೈಯನ್ನು ಸ್ಟ್ರೋಕ್ ಕಿತ್ತುಕೊಂಡಿತ್ತು. ಅವಳು ನುಡಿಸಿದ್ದ ದಿನವನ್ನು ನಾನು ಬೆಳ್ಳಿ ಡಬ್ಬಿಯಲ್ಲಿ ತಂದು ಕಿತ್ತುಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಪ್ಲೇಯರನ್ನು ಕೌಂಟರಿನ ಮೇಲಿಟ್ಟೆ. ಬೇಡವಂತೆ, ವಾಪಸ್ಸು ತೊಗೊಳ್ಳಿ ಎಂದೆ. ಸೌಂಡಿನಲ್ಲಿ ಏನಾದರೂ ಕಂಪ್ಲೇಂಟಾ ಎಂದು ಕೇಳಿದರು. ಸೌಂಡಿನದಲ್ಲ, ನುಡಿಸಿದವರೇ ಸರಿಯಿಲ್ಲವಂತೆ ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಹೆಡ್‌ಫೋನ್ ಹಾಕಿಕೊಂಡು ಶುರುವನ್ನು ಕೇಳಿದರು, ನಡುವಿನದನ್ನು ಕೇಳಿದರು, ಕೊನೆಯದನ್ನು ಕೇಳಿದರು. ಮತ್ತೆ ಶುರುವಿಗೆ ಹೋದರು. ಅವರಿಗೆ ಸಂಗೀತ ಬರುವುದಿಲ್ಲ. ಆದರೂ ಜ್ವರ ಎಲ್ಲಿಂದ ಶುರುವಾಯಿತು ಎಂದು ನೋಡುವ ಡಾಕ್ಟರರ ಮುಖವಿತ್ತು.

"ಇದ ರೆಕಾರ್ಡ್ ಮಾಡ್ದಾಗ ಕರೆಂಟಿತ್ತಾ, ಸೆಲ್ ಆಕಿದ್ರಾ?"

ಸೆಲ್ಲು ಎಂದೆ.

"ಒಸಾವಾ?"

ಆಗ ನನಗೆ ತಾರಸಿ ನೆನಪಾಯಿತು. ಹೊಸ ಸೆಲ್ಲುಗಳು ಅಪ್ಪನ ಟಾರ್ಚಿಗೆ ಮೀಸಲು. ಸತ್ತ ಸೆಲ್ಲುಗಳನ್ನು ತಾರಸಿಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ ಒಣಗಿಸುವುದು ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಇತ್ತು. ಎರಡು ದಿನ ಬಿಸಿಲು ತಿಂದರೆ ಅವಕ್ಕೆ ಇನ್ನೊಂದರ್ಧ ಗಂಟೆ ಜೀವ ಬರುತ್ತಿತ್ತು. ರಜದಲ್ಲಿ ಅದು ನನ್ನ ಕೆಲಸ. ಅಕ್ಕನ ರೆಕಾರ್ಡಿಂಗಿಗೆ ಹೊಸದು ಹಾಕಲೇ ಎಂದು ಅವ್ವನನ್ನು ಒಂದು ಮಾತು ಕೇಳಬಹುದಾಗಿತ್ತು. ಕೇಳಿರಲಿಲ್ಲ.

"ಬಿಸ್ಲಿಗಿಟ್ಟಿದ್ವು," ಎಂದೆ.

ಅವರು ಹೆಡ್‌ಫೋನ್ ತೆಗೆದು ಮನಸಾರೆ ನಕ್ಕರು. "ಅಂಗೇಳಿ ಮತ್ತೆ. ಅಲ್ಲೇ ಅದೆ ನೋಡಿ ಕತೆ. ಸೆಲ್ ವೀಕಾದ್ರೆ ಮೋಟ್ರು ಮೆಲ್ಗೆ ತಿರುಗ್ತದೆ. ಮೆಲ್ಗೆ ತಿರುಗ್ದಾಗ ತುಂಬ್ಕಂಡಿದ್ನ ಸರಿಯಾಗ್ ತಿರುಗೋ ಮಿಷನ್ನಾಗೆ ಆಕುದ್ರೆ ಓಡ್ತದೆ. ಅಕ್ಕಾವ್ರು ಓಡಿಲ್ಲ ಕಣಮ್ಮಾ, ನಿಮ್ ಸೆಲ್ ಕುಂಟ್ಕೊಂಡ್ ಓಗದೆ."

ಕೊನೆಕೊನೆಗೆ ಸೆಲ್ಲು ಇನ್ನೂ ಸೋತಿತ್ತು. ಅದಕ್ಕೇ ಶ್ರುತಿ ಹೋಗುತ್ತಾ ಹೋಗುತ್ತಾ ಮೇಲೇರಿದ್ದು. ಅವತ್ತು ಅದೇ ಸೋತ ಸೆಲ್ಲಿನಲ್ಲಿ ಹಾಕಿ ಕೇಳಿದ್ದರಿಂದ ನಮಗೆ ಸರಿಯಾಗಿಯೇ ಕೇಳಿಸಿತ್ತು. ಸ್ಟುಡಿಯೋದವರು ತಮ್ಮ ಫಸ್ಟ್ ಕ್ಲಾಸ್ ಮಿಷನ್ನಿನಲ್ಲಿ ನನ್ನ ಜಿಪುಣತನವನ್ನು ಟ್ವೆಂಟಿಫೋರ್ ಬಿಟ್ಟಿನಲ್ಲಿ ಹಿಡಿದುಕೊಟ್ಟಿದ್ದರು.

ಅವರು ಕಪಾಟಿನಿಂದ ಆ ಕಪ್ಪು ಪ್ಲೇಯರನ್ನು ಇಳಿಸಿದರು. ಇದೂ ದೊಡ್ಡ ಫೈಲನ್ನೇ ಓದುತ್ತದೆ, ಸೌಂಡು ಬೆಳ್ಳಿಯದರಷ್ಟು ನುಣುಪಿಲ್ಲ, ಆದರೆ ಈ ಚಕ್ರ ತಿರುಗಿಸಿದರೆ ಓಟವೂ ಶ್ರುತಿಯೂ ಒಟ್ಟಿಗೆ ಇಳಿಯುತ್ತವೆ ಎಂದರು. ಬೇಕಾದರೆ ತಾವೇ ಕಂಪ್ಯೂಟರಿಗೆ ಹಾಕಿ ಪೂರ್ತಿ ಸರಿಮಾಡಿಸಿ ಕೊಡುವುದಾಗಿಯೂ ಹೇಳಿದರು. ಎಷ್ಟು ಇಳಿಸಬೇಕು ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ನಂಗೆಲ್ ಗೊತ್ತಾದದು. ಅದು ಅವ್ರಿಗೇ ಗೊತ್ತು," ಎಂದರು.

ಅದೇ ಮಧ್ಯಾಹ್ನದ ಬಸ್ಸಿಗೆ ಮತ್ತೆ ಹೋದೆ. ಎರಡು ದಿನ ಮೇಲಿಂದ ಮೇಲೆ ಬಂದ ತಂಗಿಯನ್ನು ಕಂಡು ಅಕ್ಕ ಗಾಬರಿಯಾದಳು. ನಾನು ನಿಂತುಕೊಂಡೇ ಹೇಳಿದೆ, ಕಾನ್ವೆಂಟಿನಲ್ಲಿ ತಪ್ಪೊಪ್ಪಿಕೊಳ್ಳುವಾಗ ನಿಲ್ಲುತ್ತಿದ್ದ ಹಾಗೆ. ಸೆಲ್ಲು, ಬಿಸಿಲು, ಮೋಟಾರು, ಎಲ್ಲವನ್ನೂ. ಅವಳು ನಂಬಲಿಲ್ಲ. ನನ್ನ ಸಮಾಧಾನಕ್ಕೆ ಕತೆ ಕಟ್ಟಿಕೊಂಡು ಬಂದಿದೀಯ ಎನ್ನುವ ಹಾಗೆ ನೋಡಿದಳು. ವಾದ ಮಾಡದೆ ಪ್ಲೇಯರನ್ನು ಅವಳ ಎಡಗೈಗೆ ಕೊಟ್ಟೆ, ಹೆಬ್ಬೆರಳನ್ನು ಚಕ್ರದ ಮೇಲಿಟ್ಟೆ.

"ಶ್ರುತಿ ಪೆಟ್ಟಿಗೆ ಹಾಕಮ್ಮ," ಎಂದು ಸೊಸೆಗೆ ಹೇಳಿದಳು.

ಸೊಸೆ ಹಾಕಿದಳು. ಅಪ್ಪನ ಮನೆಯಲ್ಲಿ ನುಡಿಸಿದ, ಆಮೇಲೆ ಎಷ್ಟೋ ವರ್ಷ ಅವಳು ಪಾಠ ಹೇಳಿದ ಅದೇ ಶ್ರುತಿ ಕೋಣೆಯಲ್ಲಿ ಗುಂಯ್ ಎಂದಿತು. ಪ್ಲೇಯರಿನ ಪುಟ್ಟ ಸ್ಪೀಕರಿನಲ್ಲಿ ವೀಣೆ ಶುರುವಾಯಿತು. ಎರಡಕ್ಕೂ ಹೊಂದಾಣಿಕೆಯಿಲ್ಲ, ಈ ಸಲ ನನ್ನ ಕಿವಿಗೂ ಅದು ಚುಚ್ಚಿತು. ಅಕ್ಕ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿದಳು. ಇನ್ನಷ್ಟು. ಹೆಚ್ಚಾಯಿತು, ಒಂದಿಷ್ಟು ಹಿಂದಕ್ಕೆ ಬಂದಳು. ವೀಣೆಯ ಬಿರಡೆ ತಿರುವುವಾಗ ತಲೆ ಒಂದು ಕಡೆ ವಾಲಿಸಿ ತುಟಿ ಬಿಗಿಹಿಡಿಯುತ್ತಿದ್ದಳಲ್ಲ, ಈಗಲೂ ಹಾಗೇ. ಎರಡು ದನಿ ಹತ್ತಿರ ಹತ್ತಿರ ಬಂದು ಒಂದರೊಳಗೊಂದು ಕೂತವು.

ಮೋಹನ ನಿಧಾನವಾಗಿ ನಡೆಯತೊಡಗಿತು. ಒಂದು ಗಾಂಧಾರದ ಮೇಲೆ ಅವಳು ಎಷ್ಟು ಹೊತ್ತು ನಿಂತಿದ್ದಳೆಂದರೆ, ಸೊಸೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಡುವುದನ್ನು ಮರೆತಳು.

"ನಿಂತಿದೀನಿ," ಎಂದಳು ಅಕ್ಕ, ಬಹಳ ಮೆಲ್ಲಗೆ.

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆಯದೆಯೇ, "ಅಪ್ಪನ ಟಾರ್ಚಿಂದ ಎರಡು ಸೆಲ್ಲು ಕದಿಯೋಕೇನಾಗಿತ್ತೇ ನಿಂಗೆ, ದರಿದ್ರದವಳೇ," ಎಂದಳು. ಎಷ್ಟೋ ತಿಂಗಳಾದ ಮೇಲೆ ಅವಳಿಂದ ಬೈಸಿಕೊಂಡು ನನಗೆ ಹಿತವಾಯಿತು. ವೀಣೆ ಯಾರಿಗೋ ಕೊಡ್ತೀಯಂತೆ ಎಂದು ಕೇಳಿದೆ. ಸುಮ್ಮನಿರು, ಕೇಳುವಾಗ ಮಾತಾಡಬಾರದು ಎಂದು ನಿಮ್ಮ ಸಿಸ್ಟರು ಹೇಳಿಕೊಟ್ಟಿಲ್ಲವೇ ಎಂದಳು.

ನುಡಿಕೆ ಮುಂದುವರಿದ ಹಾಗೆ ಅಂದಿನ ಸೆಲ್ಲು ಸೋಲುತ್ತಿತ್ತು, ಶ್ರುತಿ ಮೆಲ್ಲಗೆ ಮೇಲೆ ಜಾರುತ್ತಿತ್ತು. ಅದು ಜಾರಿದಷ್ಟೂ ಅವಳ ಹೆಬ್ಬೆರಳು ಚಕ್ರವನ್ನು ಇಷ್ಟಿಷ್ಟೇ ತಿರುಗಿಸಿ ಜಾಗಕ್ಕೆ ತರುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಒಂದು ಸಲವೂ ತಪ್ಪಲಿಲ್ಲ. ಕಂಪ್ಯೂಟರಿನಲ್ಲಿ ಪೂರ್ತಿ ಸರಿಮಾಡಿಸಿ ತರಲೇ ಎಂದು ಕೇಳಬೇಕೆಂದುಕೊಂಡಿದ್ದೆ, ಕೇಳಲಿಲ್ಲ. ಮುಗಿಯುವ ಹೊತ್ತಿಗೆ ಅವಳ ಹಣೆಯ ಮೇಲೆ ಸಣ್ಣಗೆ ಬೆವರು ಮೂಡಿತ್ತು, ಹಿಂದೆ ನುಡಿಸಿ ಎದ್ದಾಗ ಇರುತ್ತಿದ್ದ ಹಾಗೆ. ಸೊಸೆ ಸೆರಗಿನಿಂದ ಒರೆಸಲು ಹೋದಳು. ಅಕ್ಕ ತಲೆ ಅಲ್ಲಾಡಿಸಿ ಬೇಡವೆಂದು, ಮತ್ತೆ ಮೊದಲಿನಿಂದ ಹಾಕಲು ಬಟನ್ನನ್ನು ತಾನೇ ಹುಡುಕುತ್ತಿದ್ದಳು.