ಇಕ್ಬಾಲ್ ಅಂಕಲ್ ಬೆಳೆಸಿದ ಗಾಂಜಾ ಗಿಡ

ಮೊನ್ನೆ ನಮ್ಮೂರಿನ ಒನೆಹುಂಗಾ ಬಡಾವಣೆಯ ಪೇಟೆಬೀದಿಯಲ್ಲಿ ಕಾರು ನಿಲ್ಲಿಸಿದ್ದೆ. ಪಕ್ಕದ ಪಿಕಪ್ ಗಾಡಿಯ ಕಿಟಕಿಯಿಂದ ಘಾಟೊಂದು ತೇಲಿಬಂತು. ಹಾಲು ತರಲೆಂದು ಡೈರಿಗೆ ಹೊರಟಿದ್ದ ಮಗಳು ಮೂಗು ಮುಚ್ಚಿಕೊಂಡು, "ವೀಡ್, ಅಮ್ಮಾ. ಸೋ ಗ್ರೋಸ್," ಎಂದಳು. ನನಗೆ ಮಾತ್ರ ಹಸಿ ಹುಲ್ಲು ಸುಟ್ಟ ಹಾಗನ್ನಿಸಿ, ಪಾಪ, ಬಲಿಯುವ ಮುಂಚೆಯೇ ಕೊಯ್ದಿದ್ದಾರೆ ಎಂದುಕೊಂಡೆ. ನರ್ಸಮ್ಮನಿಗೆ ಈ ವಿದ್ಯೆ ಎಲ್ಲಿಂದ ಬಂತೆಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ: ನಾನು ಜೀವಮಾನದಲ್ಲಿ ಸೇದಿದ್ದು ನೆಗಡಿಗೆ ನೀಲಗಿರಿ ಎಣ್ಣೆಯ ಹಬೆಯೊಂದನ್ನೇ.

ಮೈಸೂರಿನಿಂದ ಈ ದೇಶಕ್ಕೆ ಬಂದ ಹೊಸದರಲ್ಲಿ ನಾನು ಇದೇ ಬೀದಿಯ ಹಿಂದಿನ ಒಂದು ಮನೆಯಲ್ಲಿ ಕೋಣೆ ಹಿಡಿದಿದ್ದೆ. ಯಜಮಾನರು ಧಾರವಾಡದ ಇಕ್ಬಾಲ್ ಅಂಕಲ್. ಕೃಷಿ ಓದಲು ಬಂದವರು ಈಸ್ಟ್ ತಮಾಕಿ ಎಂಬಲ್ಲಿ ಗಿಡ ಬೆಳೆಸುವ ನರ್ಸರಿಯೊಂದರಲ್ಲಿ ಕೆಲಸಕ್ಕೆ ಸೇರಿ, ಈ ದೇಶದವಳೇ ಆದ ಜೆನ್ನಿ ಎಂಬ ಟೀಚರನ್ನು ಮದುವೆಯಾಗಿ ಇಲ್ಲೇ ಉಳಿದಿದ್ದರು. ಜೆನ್ನಿಗೆ ನರದ ಕಾಯಿಲೆ. ಮಲಗಿದರೆ ಸಾಕು, ಕಾಲುಗಳು ಸೆಟೆದು ತಾವೇ ಒದೆಯುತ್ತಿದ್ದವು. ಹಿಮ್ಮಡಿ ಗೋಡೆಗೆ ಬಡಿಯುವ ಸದ್ದು ನನ್ನ ಕೋಣೆಗೂ ಕೇಳಿಸುತ್ತಿತ್ತು. ಮಾತ್ರೆ ನುಂಗಿದರೆ ಒದೆತ ತಗ್ಗುತ್ತಿತ್ತು, ಜೊತೆಗೆ ಜೆನ್ನಿಯೂ ಮಂಕಾಗಿ ಮೂಟೆಯಂತೆ ಕೂತುಬಿಡುತ್ತಿದ್ದಳು.

ಹಿತ್ತಲಿನ ಗಾಜಿನ ಮನೆಯಲ್ಲಿ ಟೊಮೆಟೊ ಸಾಲಿನ ನಡುವೆ ಒಂದು ಎತ್ತರದ ಗಿಡವಿತ್ತು. ಚೆಂಡುಹೂವಿನ ದೂರದ ನೆಂಟನಿರಬೇಕೆಂದು ನಾನು ಅದರ ಪಕ್ಕದಲ್ಲೇ ನನ್ನ ಯೂನಿಫಾರ್ಮ್ ಒಣಹಾಕುತ್ತಿದ್ದೆ. ಅದು ಗಾಂಜಾ ಎಂದು ತಿಳಿದ ದಿನ ಯೂನಿಫಾರ್ಮನ್ನು ಅಲ್ಲಿಂದ ಕಿತ್ತುಕೊಂಡೆ.

"ಅಂಕಲ್, ಇದು ಇಲ್ಲಿ ಕಾನೂನಿಗೆ ವಿರುದ್ಧ ಅಲ್ವಾ?"

"ಗೊತ್ತೈತಿ ತಂಗಿ. ಈ ಗಿಡ ನೀ ನೋಡಿಲ್ಲ ಅಂತ ತಿಳ್ಕೋ. ಆದ್ರ ಆಕಿ ಕಾಲು ನೋಡೀಯಲ್ಲ?"

ನಾನು ಅದನ್ನು ಮುಟ್ಟುವುದಿಲ್ಲ, ಆದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಬೇರೆ ಮಾತ್ರೆಗಳ ಜೊತೆ ಸೇರಿ ಏನಾದರೂ ಆದೀತು ಎಂದಷ್ಟೇ ಹೇಳಿದೆ. ಅವರು ಹೇಳಿದರು. ಡಾಕ್ಟರು ಬೈಯಲಿಲ್ಲವಂತೆ, ಏನಾಯಿತೆಂದು ಬಂದು ತಿಳಿಸಿ ಎಂದರಂತೆ.

ಬೇಸಿಗೆಯ ಕೊನೆಯಲ್ಲಿ ಜೆನ್ನಿಯ ನೋವು ಹೆಚ್ಚಾಯಿತು. ಗಿಡ ಆಗತಾನೇ ಹೂ ಕಟ್ಟುತ್ತಿತ್ತು. ಅಂಕಲ್‌ಗೆ ತಡೆಯಲಾಗಲಿಲ್ಲ. ಒಂದು ಕೊಂಬೆ ಕತ್ತರಿಸಿ, ಅವಸರದಲ್ಲಿ ಒಣಗಿಸಿ, ಬೆಣ್ಣೆಯಲ್ಲಿ ಕಾಯಿಸಿ ಕೊಟ್ಟರು. ನಾನು ಡ್ಯೂಟಿ ಮುಗಿಸಿ ಬಂದಾಗ ಜೆನ್ನಿ ಅಡುಗೆಮನೆಯ ನೆಲದ ಮೇಲೆ ಕೂತು ನಡುಗುತ್ತಿದ್ದಳು. ನಾಡಿ ಕುದುರೆಯಂತೆ ಓಡುತ್ತಿತ್ತು. "ಇದು ನನ್ನ ಕಿಚನ್ ಅಲ್ಲ, ಯಾರದೋ," ಎಂದು ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದಳು. ಆಂಬುಲೆನ್ಸಿಗೆ ಫೋನು ಮಾಡಿದೆ. ಅವರು ಬಂದು, ನೋಡಿ, ಅವಳ ನಡುಕ ನಿಲ್ಲುವ ತನಕ ಜೊತೆಗಿದ್ದು ಹೋದರು. ಕಾಲು ಮಾತ್ರ ಒದೆಯುತ್ತಲೇ ಇತ್ತು.

"ಎಳೀದು ತಲಿಗೆ ಏರತೈತಿ, ಮೈಗೆ ಇಳಿಯಂಗಿಲ್ಲ. ಗೊತ್ತಿದ್ದೂ ಕೊಯ್ದೆ," ಎಂದು ಅಂಕಲ್ ಗೋಡೆಗೊರಗಿ ನಿಂತರು. ಮರುದಿನ ಕೊಡಲಿ ಹಿಡಿದು ಗಿಡದ ಬುಡಕ್ಕೇ ಹೋದಾಗ, ವೀಲ್‌ಚೇರಿನಲ್ಲಿ ಬಾಗಿಲಿಗೆ ಬಂದ ಜೆನ್ನಿ ತನಗೆ ಬರುತ್ತಿದ್ದ ನಾಲ್ಕು ಧಾರವಾಡದ ಮಾತುಗಳಲ್ಲಿ ಒಂದನ್ನು ಬಳಸಿದಳು: "ಬ್ಯಾಡ." ಆಮೇಲೆ ಇಂಗ್ಲಿಷಿನಲ್ಲಿ, "ನೋವು ನನ್ನದು. ಅದು ಬಲಿಯುವ ತನಕ ಕಾಯುವವಳೂ ನಾನೇ," ಎಂದಳು.

ಆ ಶರತ್ಕಾಲ ಪೂರ್ತಿ ಆ ಮನೆ ಒಂದು ಗಿಡದ ಮುಖ ನೋಡುತ್ತ ಬದುಕಿತು. ಅಂಕಲ್ ಬೆಳಗಾದರೆ ಭೂತಗನ್ನಡಿ ಹಿಡಿದು ಹೂವಿನ ಮೇಲಿನ ಅಂಟಿನ ಹನಿಗಳನ್ನು ನೋಡುತ್ತಿದ್ದರು. ಮೊದಲು ಗಾಜಿನಂತೆ ತಿಳಿಯಾಗಿದ್ದವು, ಆಮೇಲೆ ಹಾಲಿನಂತೆ ಕದಡಿದವು. "ಒಂದೊಂದು ಜೇನಿನ ಬಣ್ಣಕ್ಕ ತಿರುಗ್ಲಿ. ಎಲ್ಲಾ ತಿರುಗಿದ್ರ ಬಾಳ ಮಂಪರು," ಎನ್ನುತ್ತಿದ್ದರು. ಮಳೆ ಹಿಡಿದು ಕೆಲವು ಹೂಗಳಿಗೆ ಬೂದಿ ಬೂಷ್ಟು ಬಂದಾಗ ಅಳುಮೋರೆ ಮಾಡಿಕೊಂಡು ಅವನ್ನು ಕಿತ್ತೆಸೆದರು. ಅತ್ತ ಗೋಡೆಗೆ ಹಿಮ್ಮಡಿ ಬಡಿಯುತ್ತಲೇ ಇತ್ತು. ಹಬ್ಬದಡುಗೆಗೆ ಒಲೆಯ ಸುತ್ತ ಸುಳಿದಾಡುವ ಮಗುವಿನ ಹಾಗೆ ನಾನೂ ದಿನಾ "ಆಯ್ತಾ ಅಂಕಲ್?" ಎಂದು ಕೇಳತೊಡಗಿದ್ದೆ. ಮುಟ್ಟುವುದಿಲ್ಲ ಎಂದವಳ ಗತಿ ನೋಡಿ.

ಕೊನೆಗೊಮ್ಮೆ ಕೊಯ್ದು, ಈ ಸಲ ನಿಧಾನವಾಗಿ ನೆರಳಲ್ಲಿ ಒಣಗಿಸಿ, ಮೊದಲಿಗಿಂತ ತೀರ ಸ್ವಲ್ಪವೇ ಕೊಟ್ಟರು. ಮಧ್ಯಾಹ್ನ ಜೆನ್ನಿ ಸೋಫಾದ ಮೇಲೆ ಒರಗಿದಳು. ಅಂಕಲ್ ಬಾಗಿಲಲ್ಲಿ ನಿಂತು ಕಿವಿಗೊಟ್ಟರು. ಸದ್ದಿಲ್ಲ. ಬಗ್ಗಿ ನೋಡಿದರೆ ಬಾಯಿ ತುಸು ತೆರೆದು ನಿದ್ದೆಹೋಗಿದ್ದಳು. ಕಾಲುಗಳು ಕಂಬಳಿಯಡಿ ಸುಮ್ಮನಿದ್ದವು. ಅಂಕಲ್ ಹಿತ್ತಲಿಗೆ ಹೋಗಿ, ನಾನು ನೋಡಬಾರದೆಂದು ಟೊಮೆಟೊ ಗಿಡಗಳ ಕಡೆ ಮುಖಮಾಡಿ ಅತ್ತರು.

ಅದು ಅವಳನ್ನು ವಾಸಿಮಾಡಲಿಲ್ಲ. ಆಮೇಲೆ ಕಾನೂನು ಸಡಿಲವಾಗಿ ಡಾಕ್ಟರೇ ಅದರ ಎಣ್ಣೆ ಬರೆದುಕೊಟ್ಟರು, ಗಾಜಿನ ಮನೆಗೆ ಬರೀ ಟೊಮೆಟೊ ಉಳಿಯಿತು. ಕೆಲವು ವರ್ಷ ಕಳೆದು ಜೆನ್ನಿ ನ್ಯುಮೋನಿಯಾದಲ್ಲಿ ಹೋದಳು. ಅಂಕಲ್ ಈಗ ಪೊರಿರುವಾ ಎಂಬ ಊರಿನಲ್ಲಿ ತಮ್ಮ ತಂಗಿಯ ಮನೆಯ ಹತ್ತಿರ ಇದ್ದಾರೆ.

ಹಾಲು ತಂದ ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳು ನನ್ನ ಫೋನೆತ್ತಿ, "ಕ್ಯಾನ್ ಐ ಟಾಕ್ ಟು ಹಿಮ್?" ಎಂದಳು. ಕರೆ ಹತ್ತಿತು. ಕುಶಲ ಮುಗಿದ ಮೇಲೆ ಅವಳು ಕೇಳಿದಳು: "ಅಂಕಲ್, ವಾಟ್ ವಾಸ್ ಜೆನ್ನಿ ಆಂಟಿ ಲೈಕ್?"

ನಾನು ಫೋನನ್ನು ಸ್ಪೀಕರಿಗೆ ಹಾಕಿದೆ.

"ಎಲ್ಲಾರೂ ಆಕಿ ಕಾಯಿಲೆ ಬಗ್ಗೆ ಕೇಳ್ತಾರ," ಎಂದರು. "ಆಕಿ ಹೆಂಗಿದ್ಲು ಅಂತ ಯಾರೂ ಕೇಳಂಗಿಲ್ಲ, ಯವ್ವಾ. ಹೇಳ್ತೀನಿ ತಡಿ, ಕುಂದರ್ತೀನಿ."

ಕುರ್ಚಿ ಎಳೆದ ಸದ್ದು ಕೇಳಿತು. ಹೊರಡಲೆಂದು ಶುರುಮಾಡಿದ್ದ ಕಾರಿನ ಎಂಜಿನ್ ಆರಿಸಿದೆ.